ಎಂಜಿನ್ ಉಸಿರಿಗೊಂದು ಸ್ಟೀಲ್ ಬಾಟಲಿ

ಡೀಸೆಲ್ ಕಾರಿನ ಸರ್ವಿಸ್ ಬಗ್ಗೆ ಹಿಂದೆ ಬರೆದಾಗ ಓದುಗರೊಬ್ಬರು ಕೇಳಿದ್ದರು: "ಟರ್ಬೊ ಪೈಪ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಎಂಜಿನ್ ಕೆಲಸ ಬಂದಿದೆ ಅಂತಿದ್ದಾರೆ. ನಿಜವಾ?"

ಅಪ್ಪನ 11 ವರ್ಷದ ಡೀಸೆಲ್ ಕಾರಿಗೂ ಒಂದು ಗ್ಯಾರೇಜಿನವರು ಇದೇ ಮಾತು ಹೇಳಿದ್ದರು. ಅವರು ಹೇಳಿದ ಖರ್ಚು, ಕಾರು ಮಾರಿದರೆ ಬರೋ ದುಡ್ಡಿನ ಅರ್ಧದಷ್ಟಿತ್ತು. "ಮಾರಿಬಿಡೋಣ ಬಿಡೋ" ಅಂದ್ರು ಅಪ್ಪ. ಹಾಗಂದವರು ಅವತ್ತು ಸಂಜೆ ಕಾರು ತೊಳೀತಾ ಇದ್ದರು. ಹಾಗಾಗಿ ಮಾರೋ ಮುಂಚೆ ಅಳೆದು ನೋಡೋಣ ಅನ್ನಿಸಿತು. ಅಳೆಯೋಕೆ ಮಾಡಿಕೊಂಡ ಸಾಧನವೇ ಈ ಕ್ಯಾಚ್ ಕ್ಯಾನ್.

ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಹುಟ್ಟೋ ಗ್ಯಾಸಿನಲ್ಲಿ ಸ್ವಲ್ಪ ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಆಯಿಲ್ ಇರೋ ಜಾಗಕ್ಕೆ ನುಸುಳುತ್ತೆ. ಹೊಸ ಎಂಜಿನ್ನಿನಲ್ಲೂ ನುಸುಳುತ್ತೆ. ಇದಕ್ಕೆ ಬ್ಲೋ-ಬೈ ಅಂತಾರೆ. ಈ ಗ್ಯಾಸಿಗೆ ಹೊರಹೋಗೋ ದಾರಿ ಬೇಕೇ ಬೇಕು. ಇಲ್ಲದಿದ್ದರೆ ಒತ್ತಡ ಏರಿ ಆಯಿಲ್ ಸೀಲುಗಳು ಸೋರೋಕೆ ಶುರುವಾಗುತ್ತವೆ, ಕುಕ್ಕರಿನ ವಿಶಲ್ ಕಟ್ಟಿಕೊಂಡ ಹಾಗೆ. ಹಳೇ ಕಾಲದ ಕಾರುಗಳಲ್ಲಿ ಒಂದು ಕೊಳವೆ ಇದನ್ನು ಸೀದಾ ರಸ್ತೆಗೆ ಬಿಡ್ತಿತ್ತು. 1960ರ ದಶಕದ ಶುರುವಿನಲ್ಲಿ, ಹೊಗೆಮಂಜಿನಿಂದ ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾದಲ್ಲಿ, ಹಾಗೆ ಬಿಡೋದನ್ನು ನಿಲ್ಲಿಸಿ ಆ ಗ್ಯಾಸನ್ನು ಮತ್ತೆ ಎಂಜಿನ್ನಿಗೇ ಉಸಿರಾಗಿ ಕೊಡೋ ಪದ್ಧತಿ ಬಂತು. ಈಗ ಎಲ್ಲ ಕಾರಲ್ಲೂ ಅದೇ.

ತೊಂದರೆ ಏನಂದ್ರೆ, ಆ ಗ್ಯಾಸ್ ಬರೀ ಗ್ಯಾಸಲ್ಲ. ಜೊತೆಗೆ ಆಯಿಲ್ಲಿನ ಸಣ್ಣ ಹನಿಗಳು, ನೀರಾವಿ ಎಲ್ಲ ಇರುತ್ತೆ. ಡೀಸೆಲ್ ಕಾರಿನಲ್ಲಿ ಇದು ಟರ್ಬೊ, ಇಂಟರ್‌ಕೂಲರ್ ದಾಟಿ ಮುಂದೆ ಹೋದಾಗ, ಇ.ಜಿ.ಆರ್. ವಾಲ್ವಿನಿಂದ ಬರೋ ಹೊಗೆಯ ಮಸಿ ಸೇರಿಕೊಳ್ಳುತ್ತೆ. ಎಣ್ಣೆ ಮತ್ತು ಮಸಿ ಸೇರಿದರೆ ಎತ್ತಿನ ಗಾಡಿಯ ಕೀಲೆಣ್ಣೆ ಥರದ ಕಪ್ಪು ಜಿಡ್ಡು. ಗಾಳಿ ಹೋಗೋ ದಾರಿ ವರ್ಷ ವರ್ಷ ಕಿರಿದಾಗುತ್ತೆ. ಅಂದ್ರೆ ಟರ್ಬೊ ಪೈಪಲ್ಲಿ ಎಣ್ಣೆ ಕಂಡ ಮಾತ್ರಕ್ಕೆ ಎಂಜಿನ್ ಹೋಯ್ತು ಅಂತಲ್ಲ. ಎಣ್ಣೆ ಇದೆಯಾ ಅಂತ ಕೇಳಬಾರದು, ಎಷ್ಟು ಕಿಲೋಮೀಟರಿಗೆ ಎಷ್ಟು ಅಂತ ಕೇಳಬೇಕು.

ಕ್ಯಾನಿನ ಕೆಲಸ ಸರಳ. ಎಂಜಿನ್ನಿನಿಂದ ಟರ್ಬೊಗೆ ಹೋಗೋ ಉಸಿರಿನ ಪೈಪಿನ ಮಧ್ಯೆ ಒಂದು ಡಬ್ಬಿ. ಕಿರಿದಾದ ಪೈಪಿನಿಂದ ದೊಡ್ಡ ಜಾಗಕ್ಕೆ ಬಂದ ಗ್ಯಾಸಿನ ವೇಗ ಇಳಿಯುತ್ತೆ, ತಣ್ಣಗಿನ ಲೋಹದ ಜಾಲರಿಗೆ ತಾಗಿ ಹನಿಗಳು ಕೂತು ತಳಕ್ಕೆ ಇಳಿಯುತ್ತವೆ. ಉಳಿದ ಗ್ಯಾಸ್ ಮೇಲಿನಿಂದ ಮುಂದಕ್ಕೆ.

ಮುಕ್ಕಾಲು ಲೀಟರಿನ ಸ್ಟೀಲ್ ನೀರಿನ ಬಾಟಲಿ ತಗೊಂಡೆ. ಒಂದೇ ಪದರದ್ದು. ಕಾಫಿ ಬಿಸಿ ಇಡೋ ಎರಡು ಪದರದ ಫ್ಲಾಸ್ಕ್ ಬೇಡ, ನಮಗೆ ಬೇಕಿರೋದು ಒಳಗಿನ ಬಿಸಿ ಹೊರಗೆ ಹೋಗೋದು. ಪ್ಲಾಸ್ಟಿಕ್ ಮುಚ್ಚಳ ಎಸೆದು, ಆರ್ಗಾನ್ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲ್ ಮುಚ್ಚಳ, ಎರಡು ಮೂತಿ, ತಳಕ್ಕೊಂದು ಡ್ರೈನ್ ಬೋಲ್ಟ್ ಹಾಕಿಸಿದೆ. ಮೂತಿಯ ಒಳ ಅಳತೆ ಕಾರಿನ ಮೂಲ ಪೈಪಿಗಿಂತ ಚಿಕ್ಕದಾಗಬಾರದು. ಇದರಲ್ಲಿ ಮಾತ್ರ ರಾಜಿ ಬೇಡ. ಗ್ಯಾಸ್ ಒಳಬರೋ ಕೊಳವೆ ಬಾಟಲಿಯ ಅರ್ಧದವರೆಗೆ ಇಳಿಯಬೇಕು, ಹೊರಹೋಗೋದು ಮೇಲೇ ಇರಬೇಕು.

ಒಳಗೆ ತುಂಬೋಕೆ ಕೆಲವರು ನವಿರಾದ ಸ್ಟೀಲ್ ವೂಲ್ ಹಾಕ್ತಾರೆ. ಅದು ತುಕ್ಕು ಹಿಡಿಯುತ್ತೆ, ಎಳೆ ಎಳೆಯಾಗಿ ಬಿಟ್ಟುಕೊಂಡು ಟರ್ಬೊಗೆ ಹೋಗುತ್ತೆ. ಲಕ್ಷಗಟ್ಟಲೆ ಸಲ ತಿರುಗೋ ಫ್ಯಾನಿಗೆ ಒಂದು ಎಳೆ ಸಾಕು. ನಾನು ಪಾತ್ರೆ ತಿಕ್ಕೋ ದಪ್ಪ ಸುರುಳಿಯ ಸ್ಟೇನ್‌ಲೆಸ್ ಸ್ಕ್ರಬ್ಬರ್ ಹಾಕಿ, ಹೊರಮೂತಿಗೆ ಟೀ ಸೋಸೋ ಸ್ಟೀಲ್ ಜಾಲರಿ ಬಿಗಿದೆ. (ಜಾಲರಿ ಅಡುಗೆಮನೆಯದ್ದು. ಅಮ್ಮನಿಗೆ ಹೊಸದು ಎರಡು ತಂದುಕೊಟ್ಟಾಯ್ತು.) ಡ್ರಿಲ್ ಮಾಡಿದ ಪುಡಿ ಒಂದು ಕಣವೂ ಉಳಿಯದ ಹಾಗೆ ಮೂರು ಸಲ ತೊಳೆದು ಒಣಗಿಸಿದೆ. ಆಯಿಲ್ ತಡೆಯೋ, ಬಿಸಿಗೆ ಮೆತ್ತಗಾಗದ ಹೋಸನ್ನು ಜೆ.ಸಿ. ರೋಡಿನಿಂದ ತಂದೆ. ತೋಟಕ್ಕೆ ನೀರು ಬಿಡೋ ಪೈಪು ಇಲ್ಲಿ ನಡೆಯಲ್ಲ. ಬಾಟಲಿಯನ್ನು ಬ್ಯಾಟರಿ ಪಕ್ಕ, ಸೈಲೆನ್ಸರ್ ಬಿಸಿಯಿಂದ ದೂರ, ಅಲ್ಲಾಡದ ಹಾಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದೆ.

ಒಂದು ತುದಿಯನ್ನು ಗಾಳಿಗೆ ಬಿಟ್ಟು ಸಣ್ಣ ಫಿಲ್ಟರ್ ಸಿಕ್ಕಿಸೋ ರೂಢಿಯೂ ಇದೆ. ನೋಡೋಕೆ ಚೆಂದ, ಆದ್ರೆ ಅರವತ್ತು ವರ್ಷ ಹಿಂದಕ್ಕೆ ಹೋದ ಹಾಗೆ. ಆ ವಾಸನೆ ಕಾರಿನೊಳಗೂ ಬರುತ್ತೆ.

ಹಾಕಿದ ಮೇಲೆ ಉಸಿರು ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಲ್ಲ? ಮನೆ ಕಟ್ಟೋವಾಗ ಮೇಸ್ತ್ರಿಗಳು ಮಟ್ಟ ನೋಡೋ ಪಾರದರ್ಶಕ ಪೈಪು ಗೊತ್ತಲ್ಲ, ಅದೇ. ಡಿಪ್‌ಸ್ಟಿಕ್ ತೆಗೆದು ಆ ಕೊಳವೆಗೆ ಪೈಪಿನ ಒಂದು ತುದಿ ಬಿಗಿಯಾಗಿ ಸಿಕ್ಕಿಸಿ, ಉಳಿದದ್ದನ್ನು ಉದ್ದಕ್ಕೆ ಯು ಆಕಾರದಲ್ಲಿ ಇಳಿಬಿಟ್ಟು ತಳದಲ್ಲಿ ಸ್ವಲ್ಪ ನೀರು ತುಂಬಿದೆ. ಎಂಜಿನ್ ಐಡಲಿನಲ್ಲಿ ಓಡುವಾಗ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒಳಗಿನ ಒತ್ತಡ. ಕ್ಯಾನ್ ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ನೋಡಿದೆ. ವ್ಯತ್ಯಾಸ ಬರಲಿಲ್ಲ. ಬಂದಿದ್ದರೆ ಬಾಟಲಿ ಬಿಚ್ಚಿ ಪಕ್ಕಕ್ಕಿಡ್ತಿದ್ದೆ.

ಸಾವಿರ ಕಿಲೋಮೀಟರ್ ಆದಮೇಲೆ ಬೋಲ್ಟ್ ಬಿಚ್ಚಿದರೆ ಮಗುವಿಗೆ ಔಷಧಿ ಕೊಡೋ ಅಳತೆ ಲೋಟದಲ್ಲಿ 30 ಎಂ.ಎಲ್. ಬಂತು. ಅದರಲ್ಲೂ ಒಂದಿಷ್ಟು ನೀರು. ಬಾಟಲಿ ಎಲ್ಲ ಹನಿಗಳನ್ನೂ ಹಿಡಿಯಲ್ಲ, ಹಾಗಾಗಿ ಡಿಪ್‌ಸ್ಟಿಕ್ಕನ್ನೂ ನೋಡ್ತಿದ್ದೆ. ಮಟ್ಟ ಕಣ್ಣಿಗೆ ಕಾಣೋ ಹಾಗೆ ಇಳಿದಿರಲಿಲ್ಲ. ಈ ಲೆಕ್ಕ ಹಿಡಕೊಂಡು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದ್ವಿ. ಅವರು ಕಂಪ್ರೆಷನ್ ಟೆಸ್ಟ್ ಮಾಡಿದರು. ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಸಮ. "ರಿಂಗ್ ಚೆನ್ನಾಗಿದೆ ಸರ್, ಇ.ಜಿ.ಆರ್., ಇಂಟರ್‌ಕೂಲರ್ ಕ್ಲೀನ್ ಮಾಡಿದ್ರೆ ಸಾಕು" ಅಂದ್ರು. ಅಷ್ಟೇ ಮಾಡಿಸಿದ್ವಿ.

ಹಾಗಂತ ಎಲ್ಲರೂ ಬಾಟಲಿ ಹಿಡ್ಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗಬೇಕಿಲ್ಲ. ವಾರಂಟಿ ಇರೋ ಕಾರಿಗೆ ಕೈ ಹಾಕಲೇಬೇಡಿ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಇನ್‌ಟೇಕ್ ವಾಲ್ವನ್ನು ಪೆಟ್ರೋಲೇ ತೊಳೀತಿರುತ್ತೆ, ಅಷ್ಟು ಲಾಭ ಇಲ್ಲ. ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸೋ ಹೊಸ ಎಂಜಿನ್ನುಗಳಲ್ಲಿ ಆ ತೊಳೆತ ಇಲ್ಲ, ಅಲ್ಲಿ ಉಪಯೋಗ ಇದೆ. ಮತ್ತೆ, ಖಾಲಿ ಮಾಡೋಕೆ ಮರೆಯೋ ಜನಕ್ಕೆ ಇದು ಬೇಡವೇ ಬೇಡ. ತುಂಬಿದ ಬಾಟಲಿಯ ಎಣ್ಣೆಯನ್ನು ಡೀಸೆಲ್ ಎಂಜಿನ್ ಒಮ್ಮೆಲೇ ಎಳೆದುಕೊಂಡರೆ ಅದನ್ನೇ ಇಂಧನ ಮಾಡಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಓಡಬಹುದು.

ಮಳೆಗಾಲದಲ್ಲಿ, ಅದೂ ತರಕಾರಿ ತರೋ ಒಂದೆರಡು ಕಿಲೋಮೀಟರ್ ಓಡಾಟವೇ ಜಾಸ್ತಿಯಾದರೆ, ಬಾಟಲಿಯಲ್ಲಿ ಮಜ್ಜಿಗೆ ಥರ ಬೆಳ್ಳಗಿನ ನೊರೆ ಬರುತ್ತೆ. ಅದು ಬಿಸಿಯಾಗದ ಎಂಜಿನ್ನಿನ ತೇವ, ಗಾಬರಿ ಬೇಡ. ಆದರೆ ಕೂಲಂಟ್ ಮಟ್ಟವೂ ಇಳೀತಿದ್ರೆ ಹೆಡ್ ಗ್ಯಾಸ್ಕೆಟ್ ತೋರಿಸಿ. ತೆಗೆದ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ. ನಾವು ಹಳೇ ಡಬ್ಬಿಯಲ್ಲಿ ಕೂಡಿಟ್ಟು ಆಯಿಲ್ ಚೇಂಜ್ ದಿನ ಗ್ಯಾರೇಜಿನ ಡ್ರಮ್ಮಿಗೆ ಹಾಕ್ತೀವಿ. ಲೆಕ್ಕ ಬರೆಯೋ ಕೆಲಸ ಈಗ ಅಪ್ಪನದ್ದು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಹಿಂದಿನಿಂದ ಬರೀತಾರೆ: ತಾರೀಖು, ಕಿಲೋಮೀಟರ್, ಎಂ.ಎಲ್. ಹೋದ ಸಲ 28.