ಮೊದಲ ವರ್ಷದಲ್ಲಿ ಇಂಗ್ಲಿಷ್, ಗಣಿತದ ತೊಡಕು: ಪರಿಹಾರ ಬೋಧನೆ ಯಾರ ಹೊಣೆ?

ಹೊಸರಿತ್ತಿ: ವೃತ್ತಿಪರ ಕೋರ್ಸ್‌ಗಳ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿಯನ್ನು ರಾಜ್ಯ ಸರ್ಕಾರ ಕಲ್ಪಿಸಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡದಲ್ಲಿ ಕಲಿತವರು ನಗರದ ಇಂಗ್ಲಿಷ್ ಶಾಲೆಗಳ ಮಕ್ಕಳೊಡನೆ ಸರಿಸಮನಾಗಿ ಸ್ಪರ್ಧಿಸುವುದು ಕಷ್ಟವೆಂದು ಒಪ್ಪಿಕೊಂಡೇ ಈ ವ್ಯವಸ್ಥೆ ಮಾಡಲಾಗಿದೆ. ಆದರೆ ಸೀಟು ಸಿಕ್ಕ ಮರುದಿನವೇ ಆ ಒಪ್ಪಿಗೆ ಮರೆತುಹೋಗುತ್ತದೆ. ತರಗತಿಯೊಳಗೆ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ, ಒಂದೇ ಭಾಷೆ.

ವರದಾ ನದಿಯ ದಡದ ಹೊಸರಿತ್ತಿ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿ ಅವರ ಊರು. ಅವರ ಹೆಸರಿನ ಕಾಲೇಜು ಹಾವೇರಿಯಲ್ಲಿದೆ. 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸಮೀಪದ ದೇವಗಿರಿಯಲ್ಲಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಭಾಗದ ಹಳ್ಳಿಗಳ ಮಕ್ಕಳಿಗೆ ಕಾಲೇಜು ಈಗ ದೂರದ ಮಾತಲ್ಲ. ಕಾಲೇಜಿನ ಪಾಠವೇ ದೂರವಾಗಿ ಉಳಿದಿದೆ.

ತೊಡಕು ನಿಜವಾಗಿ ಆರಂಭವಾಗುವುದು ಪಿಯುಸಿಯಲ್ಲಿ. ಕಲಾ ವಿಭಾಗದಲ್ಲಿ ಕನ್ನಡದಲ್ಲೇ ಓದುವ ಅವಕಾಶವಿದೆ. ವಿಜ್ಞಾನದಲ್ಲಿ ಪುಸ್ತಕ, ಬೋಧನೆ ಎರಡೂ ಇಂಗ್ಲಿಷ್. ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿಯ ಲೆಕ್ಕವನ್ನು ತಪ್ಪಿಲ್ಲದೆ ಮಾಡಿದ ಹುಡುಗಿ ‘ಅರಿಥ್ಮೆಟಿಕ್ ಪ್ರೋಗ್ರೆಷನ್’ ಎಂಬ ಮಾತು ಕೇಳಿ ಕೈಕಟ್ಟಿ ಕೂರುತ್ತಾಳೆ. ಬಹುಪದೋಕ್ತಿ ‘ಪಾಲಿನಾಮಿಯಲ್’ ಆಗುತ್ತದೆ, ಸಂಭವನೀಯತೆ ‘ಪ್ರಾಬಬಿಲಿಟಿ’ ಆಗುತ್ತದೆ, ವೇಗೋತ್ಕರ್ಷ ‘ಆಕ್ಸಲರೇಷನ್’ ಆಗುತ್ತದೆ. ಲಸಾಅ, ಮಸಾಅಗಳಿಗೂ ಹೊಸ ಹೆಸರು. ಗೊತ್ತಿರುವ ವಿಷಯವೇ ಗೊತ್ತಿಲ್ಲದ್ದಾಗಿ ಕಾಣುತ್ತದೆ. ಉಪನ್ಯಾಸಕರು ಇದನ್ನು ಗಣಿತದಲ್ಲಿ ಹಿಂದುಳಿಯುವಿಕೆ ಎಂದು ಭಾವಿಸುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ವಿದ್ಯಾರ್ಥಿನಿಯೂ ಹಾಗೆಯೇ ನಂಬುತ್ತಾಳೆ. ಇನ್ನೂರು ಮುನ್ನೂರು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು, ಹಳೆಯ ಲೆಕ್ಕಗಳನ್ನೇ ಹೊಸ ಭಾಷೆಯಲ್ಲಿ ಮತ್ತೊಮ್ಮೆ ಮಾಡಿಸಿದರೆ ಕೆಲವೇ ವಾರಗಳಲ್ಲಿ ಬಹುಪಾಲು ಬಗೆಹರಿಯುವ ಸಮಸ್ಯೆ ಇದು.

ಎಲ್ಲರ ಕಷ್ಟವೂ ಇಷ್ಟೇ ಎನ್ನುವಂತಿಲ್ಲ. 14ರಿಂದ 18 ವರ್ಷದವರ ಕುರಿತ 2023ರ ‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43.3 ಮಾತ್ರ, ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ಶೇ 57.3. ನಮ್ಮ ರಾಜ್ಯದಲ್ಲಿ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಹಿಂದಿನ ವರ್ಷ ಅದು ಶೇ 83.89 ಇತ್ತು. ಕೃಪಾಂಕದಿಂದ ತೇರ್ಗಡೆಯಾದವರಿಗೆ ಪದಕೋಶ ಸಾಲದು, ಭಾಗಾಕಾರ, ಭಿನ್ನರಾಶಿಗಳಿಂದಲೇ ಕಲಿಸಬೇಕಾದೀತು. ಈ ಎರಡು ಬಗೆಯವರನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ‘ದುರ್ಬಲರು’ ಎಂದು ಕರೆಯುವುದರಿಂದ ಇಬ್ಬರಿಗೂ ಲಾಭವಿಲ್ಲ.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಈಗ ಕಾಲೇಜು ಸೇರುವವರು ಆ ವ್ಯವಸ್ಥೆಯಲ್ಲೇ ಬೆಳೆದವರು. ಆದರೂ ತೊಡಕು ಉಳಿದಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆರಂಭಿಸಿದ ಇಂಗ್ಲಿಷ್ ವಿಭಾಗಗಳ ಮೊದಲ ತಂಡ ಹತ್ತನೇ ತರಗತಿ ತಲುಪುವುದು 2028-29ರಲ್ಲಿ. ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಕಲಿಸೋಣ ಎಂಬ ವಾದವೂ ಇದೆ. 2021ರಲ್ಲಿ ಭಾಲ್ಕಿಯ ಕಾಲೇಜೊಂದಕ್ಕೆ ಅದಕ್ಕಾಗಿ ಅನುಮತಿ ದೊರೆತಿತ್ತು. ವಿದ್ಯಾರ್ಥಿಗಳೇ ಒಲವು ತೋರಲಿಲ್ಲ. ನೌಕರಿಯ ಭಾಷೆ ಬೇರೆ ಇರುವಾಗ ಅವರನ್ನು ದೂರುವುದು ಸರಿಯಲ್ಲ.

ಪರಿಹಾರ ಬೋಧನೆ ಹೊಸ ಕಲ್ಪನೆಯೇನಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2017, 2018ರ ಪಠ್ಯಕ್ರಮಗಳಲ್ಲಿ ಹೆಚ್ಚುವರಿ ಗಣಿತವನ್ನು ಕಡ್ಡಾಯಗೊಳಿಸಿತ್ತು. ಕನ್ನಡ ಮಾಧ್ಯಮದಿಂದ ಪಿಯುಸಿ ಮೂಲಕ ಬಂದವರಿಗೂ ಅಂತಹ ಪತ್ರಿಕೆ ಏಕಿರಬಾರದು? ಎಂಬಿಬಿಎಸ್‌ಗೆ 2019ರಿಂದ ಜಾರಿಯಾದ ಬುನಾದಿ ಕೋರ್ಸ್‌ನಲ್ಲಿ ಭಾಷಾ ಕಲಿಕೆಗೂ ಸಮಯ ಮೀಸಲಿರಿಸಲಾಯಿತು. ಯುಜಿಸಿಯು ಪರಿಶಿಷ್ಟರು, ಹಿಂದುಳಿದವರು ಮತ್ತು ಅಲ್ಪಸಂಖ್ಯಾತರಿಗಾಗಿ 11ನೇ ಯೋಜನೆಯ ಅವಧಿಯಲ್ಲಿ ಪರಿಹಾರ ಬೋಧನೆಗೆ ಅನುದಾನ ನೀಡಿತ್ತು. ಶಾಲೆಗಳಲ್ಲಂತೂ ವರ್ಷದ ಆರಂಭದಲ್ಲಿ ‘ಸೇತುಬಂಧ’ ನಡೆಯುವುದು ವಾಡಿಕೆ. ಹಳ್ಳ ಅತಿ ಅಗಲವಾಗಿರುವುದು ಹತ್ತರಿಂದ ಪಿಯುಸಿಗೆ ದಾಟುವಲ್ಲಿ. ಅಲ್ಲಿಯೇ ಸೇತುವೆ ಗಟ್ಟಿಯಾಗಿರಬೇಕಿತ್ತು.

ಇನ್ನು ವೇಳಾಪಟ್ಟಿಯ ಪ್ರಶ್ನೆ. ಹೆಚ್ಚುವರಿ ತರಗತಿ ಎಂದರೆ ಸಂಜೆ ನಾಲ್ಕರ ನಂತರ ಎಂಬುದು ಕಾಲೇಜುಗಳ ರೂಢಿ. ಹೊಸರಿತ್ತಿ, ಗುತ್ತಲ ಕಡೆಯ ಬಸ್ಸು ಹಿಡಿಯಬೇಕಾದವರು, ಅದರಲ್ಲೂ ಹುಡುಗಿಯರು, ಆ ಹೊತ್ತಿಗೆ ನಿಲ್ದಾಣದಲ್ಲಿರುತ್ತಾರೆ. ತರಗತಿಯಲ್ಲಿ ಉಳಿಯುವವರು ಊರಿನಲ್ಲೇ ಮನೆಯಿರುವವರು. ಅಗತ್ಯವಿದ್ದವರಿಗೆ ಅದು ದಕ್ಕಬೇಕಾದರೆ ಬೆಳಗಿನ ವೇಳಾಪಟ್ಟಿಯಲ್ಲೇ ಸೇರಬೇಕು, ಅದಕ್ಕೆ ಅಂಕವೂ ಇರಬೇಕು. ಕಲಿಸುವವರು ಯಾರೆಂಬುದನ್ನು ಪ್ರವೇಶಾತಿಗೆ ಮುನ್ನವೇ ಇಲಾಖೆ ನಿರ್ಧರಿಸಬೇಕು. ಅತಿಥಿ ಉಪನ್ಯಾಸಕರ ನೇಮಕದ ಆದೇಶಕ್ಕಾಗಿ ಕಾಯುತ್ತ ಕುಳಿತರೆ, ಬುನಾದಿ ಹಾಕಬೇಕಾದ ಮೊದಲ ತಿಂಗಳು ಅಷ್ಟರಲ್ಲಿ ಕಳೆದುಹೋಗಿರುತ್ತದೆ.