ಮೂಳೆಯ ಕಂಪ್ಯೂಟರ್ ಮಾದರಿ: ಕೇಳಿ ತಿಳಿದೇ ಸಹಿ ಹಾಕೋಣ

ದೆಹಲಿಯ ಚಳಿ ಶುರುವಾಯಿತೆಂದರೆ ನಮ್ಮ ಹಿರಿಯರ ಮಂಡಿನೋವಿನ ಮಾತೂ ಶುರುವಾಗುತ್ತದೆ. ಸರಕಾರಿ ನೌಕರಿಗೆಂದು ಊರು ಬಿಟ್ಟು ಬಂದು, ನಿವೃತ್ತಿಯ ನಂತರ ದ್ವಾರಕಾ, ನೋಯ್ಡಾಗಳಲ್ಲಿ ನೆಲೆಸಿದ ಕನ್ನಡಿಗರು ಎಲ್ಲಿ ಸೇರಿದರೂ ಯಾವ ಆಸ್ಪತ್ರೆ, ಎಷ್ಟು ಖರ್ಚು ಎಂಬುದೇ ಪ್ರಸ್ತಾಪ. ಈಗ ಅದಕ್ಕೆ ಇನ್ನೊಂದು ಸೇರಿದೆ: 'ನಮ್ಮದೇ ಮೂಳೆಯ ಮಾದರಿಯನ್ನು ಕಂಪ್ಯೂಟರ್‌ನಲ್ಲಿ ಮಾಡಿಕೊಂಡು ಆಪರೇಷನ್ ಮಾಡ್ತಾರಂತೆ!'

ಇದು ಬರೀ ಜಾಹೀರಾತಿನ ಮಾತಲ್ಲ. ಸಿ.ಟಿ. ಸ್ಕ್ಯಾನ್ ಮೂಳೆಯನ್ನು ತೆಳು ಪದರಗಳ ಚಿತ್ರಗಳಾಗಿ ಕೊಡುತ್ತದೆ. ಕಂಪ್ಯೂಟರ್ ಅವನ್ನು ಜೋಡಿಸಿ ಆ ರೋಗಿಯ ಮೂಳೆಯ ಪ್ರತಿರೂಪವನ್ನೇ ಕಟ್ಟುತ್ತದೆ. ಎಲ್ಲಿ ಕೊಯ್ಯಬೇಕು, ಸ್ಕ್ರೂ ಯಾವ ಕೋನದಲ್ಲಿ ಹೋಗಬೇಕು ಎಂಬುದನ್ನು ವೈದ್ಯರು ಮೊದಲೇ ನೋಡಿಕೊಳ್ಳಬಹುದು. ಭಾರ ಬಿದ್ದರೆ ಮೂಳೆ ಎಲ್ಲಿ ಮುರಿದೀತು ಎಂದೂ ಲೆಕ್ಕ ಹಾಕಬಹುದು.

ನಮ್ಮ ಪಕ್ಕದ ಗುರುಗ್ರಾಮದ ಮೇದಾಂತ ಆಸ್ಪತ್ರೆಯಲ್ಲಿ 2017ರಲ್ಲಿ ಇದರ ಪ್ರಯೋಜನ ಕಂಡಿತು. ಕ್ಷಯರೋಗದಿಂದ ಕುತ್ತಿಗೆಯ ಮೇಲ್ಭಾಗದ ಕಶೇರುಗಳು ಹಾಳಾಗಿದ್ದ 32 ವರ್ಷದ ಮಹಿಳೆಯೊಬ್ಬರಿಗೆ, ಸ್ಕ್ಯಾನ್ ಆಧಾರದಿಂದ ಅವರ ಅಳತೆಗೇ ತಯಾರಿಸಿದ ಟೈಟಾನಿಯಂ ಕಶೇರುವನ್ನು ಅಳವಡಿಸಲಾಯಿತು. ಸಿದ್ಧ ಅಳತೆಯ ಸಾಮಾನು ಹೊಂದದ ಇಂಥ ಕಡೆ ಈ ತಂತ್ರಜ್ಞಾನ ನಿಜಕ್ಕೂ ವರದಾನ.

ಆದರೆ ಎಲ್ಲ ಮಂಡಿಗೂ ಇದು ಬೇಕೆ? ಸಾಮಾನ್ಯ ಮಂಡಿ ಬದಲಾವಣೆಯಲ್ಲಿ, ರೋಗಿಗೆಂದೇ ತಯಾರಿಸಿದ ಅಚ್ಚು ಬಳಸಿದ್ದರಿಂದ ನೋವು, ನಡಿಗೆಗಳಲ್ಲಿ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವೇನೂ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನನ್ನ ಪರಿಚಯದ ನಿವೃತ್ತರೊಬ್ಬರಿಗೆ ಕೊಟ್ಟ ಅಂದಾಜು ಪಟ್ಟಿಯಲ್ಲಿ 'ಕಂಪ್ಯೂಟರ್ ಪ್ಲಾನಿಂಗ್' ಎಂಬ ಬಾಬ್ತು ಪ್ರತ್ಯೇಕವಾಗಿತ್ತು. ಏಕೆಂದು ಕೇಳಿದರೆ ಕೌಂಟರಿನಲ್ಲಿ ಸಿಕ್ಕ ಉತ್ತರ, 'ಹೊಸದು, ಒಳ್ಳೆಯದು' ಎಂದಷ್ಟೇ. ನೋವಿನಲ್ಲಿದ್ದವರು ವಾದ ಮಾಡುವುದುಂಟೇ? ಸಹಿ ಹಾಕಿದರು. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದ್ದು ಶ್ಲಾಘನೀಯವೇ. ಆದರೆ ಆ ಮಿತಿ ಮಂಡಿಯ ಸಾಮಾನಿಗೇ ಹೊರತು ಇಂಥ ಬಾಬ್ತುಗಳಿಗಲ್ಲ.

ಆದ್ದರಿಂದ ಸಹಿ ಹಾಕುವ ಮುನ್ನ ವೈದ್ಯರನ್ನೇ ಮೂರು ಮಾತು ಕೇಳಬೇಕು. ನನ್ನ ಮೂಳೆಯಲ್ಲಿ ಅಂಥ ವಿಶೇಷವೇನಿದೆ? ಈ ಮಾದರಿ ನೋಡಿದರೆ ಚಿಕಿತ್ಸೆಯ ಕ್ರಮ ಬದಲಾಗುತ್ತದೆಯೇ? ಹೆಚ್ಚಿನ ಖರ್ಚನ್ನು ಸಿ.ಜಿ.ಎಚ್.ಎಸ್. ಅಥವಾ ವಿಮೆ ಭರಿಸುತ್ತದೆಯೇ? ಸ್ಕ್ಯಾನ್‌ನ ಸಿ.ಡಿ.ಯನ್ನೂ ಕೇಳಿ ಪಡೆದಿಟ್ಟುಕೊಳ್ಳಬೇಕು. ಬೇರೆ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಮತ್ತೆ ಸ್ಕ್ಯಾನ್, ಮತ್ತೆ ವಿಕಿರಣ, ಮತ್ತೆ ಖರ್ಚು ತಪ್ಪೀತು.

ನಮ್ಮ ಸಂಘ-ಸಂಸ್ಥೆಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಜೊತೆಗೆ, ಕನ್ನಡ ಬಲ್ಲ ಮೂಳೆ ತಜ್ಞರೊಬ್ಬರಿಂದ ಅರ್ಧ ಗಂಟೆ ಈ ವಿಷಯ ಹೇಳಿಸಿದರೆ ಹಿರಿಯರಿಗೆ ದೊಡ್ಡ ಉಪಕಾರವಾದೀತು. ಹಿಂದಿಯಲ್ಲಿ ತರಕಾರಿ ಚೌಕಾಸಿ ಮಾಡುವಷ್ಟು ಸಲೀಸಾಗಿ ಮೈಯ ನೋವನ್ನು ಹೇಳಿಕೊಳ್ಳಲು ಎಲ್ಲರಿಗೂ ಬರುವುದಿಲ್ಲ. ಪದಾಧಿಕಾರಿಗಳು ಇತ್ತ ಗಮನ ಹರಿಸಲಿ.