ಎರಡು ಖಾಲಿ ಪುಟಗಳು

ಈ ಸಲ ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಅಟ್ಟ ಚೊಕ್ಕಟ ಮಾಡಲು ನನ್ನ ಜೊತೆ ಏಣಿ ಹತ್ತಿದಳು. ಆರನೇ ತರಗತಿ ಮುಗಿಸಿದ್ದಾಳೆ. ಧೂಳಿಗೆ ಸೀನುತ್ತಾ ಕೆಂಪು ರಟ್ಟಿನ ಒಂದು ಉದ್ದ ಪುಸ್ತಕ ಎಳೆದು ತೆಗೆದಳು. ಅದು ನಮ್ಮೂರ ನಾಟಕ ಸಂಘದ ಜಮಾ-ಖರ್ಚಿನ ಪುಸ್ತಕ.

"ಅಜ್ಜಾ, ಇದರಲ್ಲಿ ಸೀಮೆಎಣ್ಣೆ, ಮೀಸೆ, ಗೋಂದು ಅಂತೆಲ್ಲ ಬರೆದಿದೆಯಲ್ಲ! ಮೀಸೆಗೆ ಎರಡು ರೂಪಾಯಿ!" ಎಂದು ಬಿದ್ದು ಬಿದ್ದು ನಕ್ಕಳು. ಪುಟ ತಿರುಗಿಸುತ್ತಾ ಹೋದವಳು ಒಂದು ಕಡೆ ನಿಂತಳು. "ಇಲ್ಲಿ ಎರಡು ಪುಟ ಖಾಲಿ ಬಿಟ್ಟಿದ್ದೀಯ. 1983 ಅಂತ ಒಂದರ ಮೇಲೆ, 1984 ಅಂತ ಇನ್ನೊಂದರ ಮೇಲೆ. ಯಾಕಜ್ಜಾ?"

ನಾನು ಸುಮ್ಮನಾದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವನು ನಾನು. ಪುಸ್ತಕದಲ್ಲಿ ಜಾಗ ಖಾಲಿ ಬಿಡಬಾರದು ಎಂಬುದು ನಮಗೆ ಮೊದಲ ಪಾಠ. ಆದರೂ ಬಿಟ್ಟಿದ್ದೇನೆ. ಅದರ ಕಥೆಯನ್ನು ಅವಳಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ ಮಕ್ಕಳೇ. ಇದರಲ್ಲಿ ನಿಮ್ಮ ಈ ಅಜ್ಜನ ಜಾಣತನವೇನೂ ಇಲ್ಲ, ತಪ್ಪು ಮಾತ್ರ ಇದೆ.

ನಮ್ಮೂರು ಮಲೆನಾಡಿನ ಒಂದು ಸಣ್ಣ ಹಳ್ಳಿ. ಮೇಲಿನ ಕೇರಿ, ಕೆಳಗಿನ ಕೇರಿ, ನಡುವೆ ಒಂದು ಹಳ್ಳ. ಊರಿನ ಸಂಘಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಶಾಲೆಯ ಜಗಲಿಯೇ ತಾಲೀಮಿನ ಮನೆ. ಅಡಿಕೆ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಂದು ನಾಟಕ. ಮಳೆಗಾಲದಲ್ಲಿ ಹೊರಗೆ ಹೋಗಲಾರದ ರಾತ್ರಿಗಳಲ್ಲಿ ತಾಳಮದ್ದಳೆ. ತಾಳಮದ್ದಳೆ ಎಂದರೆ ವೇಷವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆಯವರು ನುಡಿಸುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಕೃಷ್ಣನಾಗಿ, ಕೌರವನಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ.

1980ರ ಹೊತ್ತಿಗೆ ನಾನು ಊರಿಗೆ ಹತ್ತಿರದ ಶಾಖೆಗೆ ವರ್ಗವಾಗಿ ಬಂದೆ. ಬಿ.ಕಾಂ. ಓದಿದವನು, ಅದರ ಮೇಲೆ ಬ್ಯಾಂಕಿನವನು. ಕೇಳಬೇಕೇ? ಮೊದಲ ಸಭೆಯಲ್ಲೇ ನನ್ನನ್ನು ಖಜಾಂಚಿ ಮಾಡಿದರು. ಅಲ್ಲಿಯವರೆಗೆ ಲೆಕ್ಕ ಇರುತ್ತಿದ್ದದ್ದು ಒಬ್ಬರ ನೆನಪಿನಲ್ಲಿ, ಇನ್ನೊಬ್ಬರ ಜೇಬಿನ ಚೀಟಿಯಲ್ಲಿ. ನಾನು ಈ ಕೆಂಪು ಪುಸ್ತಕ ತಂದೆ, ರಸೀದಿ ಪುಸ್ತಕ ಅಚ್ಚು ಹಾಕಿಸಿದೆ. ನನಗೂ ಸ್ವಲ್ಪ ಗತ್ತು ಬಂತು.

1982ರ ನಾಟಕದ ದಿನ ಸಂಜೆ ಗಾಳಿ ಎದ್ದಿತು. ಮೊದಲ ಅಂಕ ಮುಗಿಯುವ ಮೊದಲೇ ಅಕಾಲ ಮಳೆ ಸುರಿಯಿತು. ಜನ ಎದ್ದು ಓಡಿದರು, ಪರದೆ ನೆನೆಯಿತು, ದುರ್ಯೋಧನನ ಬಣ್ಣ ಎದೆಯವರೆಗೆ ಇಳಿಯಿತು. ಆ ವರ್ಷದ ಪುಟ ಇಂದಿಗೂ ಹಾಗೇ ಇದೆ. ವೇಷಭೂಷಣದ ಬಾಡಿಗೆ 450, ಪರದೆಗೆ 300, ಚಪ್ಪರಕ್ಕೆ 350, ಮೈಕು-ಜನರೇಟರಿಗೆ 275, ಬಣ್ಣಗಾರಿಕೆಗೆ 150, ಊಟ-ಕಾಫಿಗೆ 227. ಒಟ್ಟು ಖರ್ಚು 1,752 ರೂಪಾಯಿ. ಟಿಕೆಟ್ಟಿನಿಂದ ಬಂದದ್ದು 612. ನಷ್ಟ 1,140. ಇದನ್ನು ಬರೆದು ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ.

ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಮೂರು ವರ್ಷದಿಂದ ಒಂದು ವರ್ಷವೂ ಉಳಿತಾಯವಿಲ್ಲ. ಸಾಲ ತೀರುವವರೆಗೆ ಸಂಘದ ಕೆಲಸ ನಿಲ್ಲಿಸುವುದೇ ಸರಿ. ನಾಟಕವೂ ಬೇಡ, ತಾಳಮದ್ದಳೆಯೂ ಬೇಡ. ಸೀಮೆಎಣ್ಣೆ, ಕಾಫಿ ಎಲ್ಲವೂ ಖರ್ಚೇ ತಾನೆ?" ಅಂಕಿಗಳನ್ನು ಓದಿದೆ. ಯಾರೂ ಎದುರಾಡಲಿಲ್ಲ. ಓದಿದವನು ಹೇಳುತ್ತಿದ್ದಾನಲ್ಲ ಎಂದುಕೊಂಡಿರಬೇಕು. ಭಾಗವತರು ಮಾತ್ರ, "ಮಳೆಗಾಲದಲ್ಲಿ ಕೂರುವುದೂ ಬೇಡವೇನೋ ತಮ್ಮಾ?" ಎಂದು ಕೇಳಿದರು. "ಒಂದೆರಡು ವರ್ಷ ಅಷ್ಟೇ ಭಾಗವತರೇ" ಎಂದೆ. ತಾಳ, ಮದ್ದಳೆ, ಚಂಡೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಕೀಲಿಕೈ ನನ್ನ ಹತ್ತಿರವೇ ಇತ್ತು.

ಮೊದಲ ವರ್ಷ ಏನೂ ಆಗಲಿಲ್ಲ. ಹಣ ಉಳಿಯಿತು. ಎಲ್ಲರಿಂದ ಸಂಗ್ರಹಿಸಿ ಸಾಲದಲ್ಲಿ ಅರ್ಧ ತೀರಿಸಿದೆ. ಖುಷಿಯೂ ಆಯಿತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ತಾಲೀಮಿನ ನೆಪದಲ್ಲಿ ಎರಡೂ ಕೇರಿಯ ಹುಡುಗರು ದಿನಾ ರಾತ್ರಿ ಒಂದೇ ಜಗಲಿಯ ಮೇಲೆ ಸೇರುತ್ತಿದ್ದರು. ಅದು ನಿಂತಿತು. ಹಳ್ಳದ ಕಾಲುವೆಯ ಹೂಳು ತೆಗೆಯುವ ದಿನ ಗೊತ್ತು ಮಾಡುತ್ತಿದ್ದದ್ದೂ ಅದೇ ಜಗಲಿಯಲ್ಲಿ, ತಾಲೀಮಿನ ನಡುವೆ ಬೀಡಿ ಸೇದುವ ಹೊತ್ತಿನಲ್ಲಿ. ಆ ವರ್ಷ ಯಾರು ಯಾರನ್ನು ಕರೆಯಬೇಕು ಎಂಬುದೇ ತಿಳಿಯದೆ ಹೂಳು ಹಾಗೇ ಉಳಿಯಿತು. ಶಾಲೆ ಬಿಟ್ಟಿದ್ದ ಒಬ್ಬ ಹುಡುಗ ನಾಟಕದ ಪುಸ್ತಕ ಹಿಡಿದು ಪರದೆಯ ಹಿಂದಿನಿಂದ ಮಾತು ಹೇಳಿಕೊಡುತ್ತಿದ್ದ. ಅವನಿಗೆ ಓದುವ ಅಭ್ಯಾಸ ಉಳಿದದ್ದೇ ಅದರಿಂದ. ಅವನೂ ಪುಸ್ತಕ ಕೆಳಗಿಟ್ಟ.

1984ರ ಮಳೆಗಾಲದಲ್ಲಿ ಭಾಗವತರು ತೀರಿಕೊಂಡರು.

ವಯಸ್ಸಾಗಿತ್ತು, ಹೋದರು. ಅದು ನನ್ನ ತಪ್ಪಲ್ಲ. ಆದರೆ ನಮ್ಮ ಶಾಲೆಯ ಮೇಷ್ಟ್ರ ಮನೆಗೆ ಆಗತಾನೆ ಟೇಪ್ ರೆಕಾರ್ಡರ್ ಬಂದಿತ್ತು. ಭಾಗವತರು ತಾಳಮದ್ದಳೆಗೆ ಕೂತಾಗ ಅವರ ಹಳೆಯ ಮಟ್ಟುಗಳನ್ನೆಲ್ಲ ತುಂಬಿಸಿಕೊಳ್ಳಬೇಕು ಎಂದುಕೊಂಡಿದ್ದರಂತೆ. ಇಬ್ಬರು ಹುಡುಗರು ಅವರ ಪಕ್ಕ ಕೂತು ಹಾಡಲು ಕಲಿಯುತ್ತಿದ್ದರು. ತಾಳಮದ್ದಳೆಯೇ ನಿಂತ ಮೇಲೆ ಭಾಗವತರು ಯಾರಿಗಾಗಿ ಹಾಡಬೇಕು? ಉತ್ತರಕ್ರಿಯೆಯ ದಿನ ಮೇಷ್ಟ್ರು ನನ್ನ ಪಕ್ಕ ಕೂತು, ಬೈಯುವ ದನಿಯಲ್ಲಲ್ಲ, ಸುಮ್ಮನೆ ಹೇಳಿದರು: "ಒಂದು ಲೀಟರ್ ಸೀಮೆಎಣ್ಣೆಯ ಮಾತಾಗಿತ್ತಲ್ಲ ಮಾರಾಯ್ರೇ."

ಅದೇ ವರ್ಷ ಚಳಿಗಾಲದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ನಾಟಕ ನೋಡಲು ಹೆಗ್ಗೋಡಿಗೆ ಕರೆದುಕೊಂಡು ಹೋದರು. ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಒಂದು ಹಳ್ಳಿ, ಸಾಗರ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗೆ. ಅಲ್ಲಿಯ ಜನ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂದು ಕಟ್ಟಿಕೊಂಡರು. ನೀವು ಕೇಳಿರುವ 'ನೀನಾಸಮ್' ಎಂಬುದು ಅದೇ ಹೆಸರಿನ ಮೊದಲಕ್ಷರಗಳು. ಅದು ಶುರುವಾದದ್ದು ನಮ್ಮದರ ಹಾಗೆಯೇ, ಊರವರೇ ಸೇರಿ ಊರಿಗಾಗಿ ನಾಟಕ ಆಡುವ ಸಂಘವಾಗಿ. ಆ ಊರಿನ ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1972ರಲ್ಲಿ ರಂಗಮಂದಿರವಾಯಿತು, ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಮರುವರ್ಷ ಚಿತ್ರಸಮಾಜ ಶುರುವಾಯಿತು. ಬಂಗಾಳದ ಸತ್ಯಜಿತ್ ರಾಯ್, ಜಪಾನಿನ ಅಕಿರ ಕುರೊಸಾವ ಮಾಡಿದ ಸಿನಿಮಾಗಳನ್ನು ಅಡಿಕೆ ತೋಟದ ಜನ ಕೂತು ನೋಡಿದರು. 1980ರಲ್ಲಿ ನಾಟಕ ಕಲಿಸುವ ಶಾಲೆಯೇ ಬಂತು.

ಆ ಸಂಜೆ ನಾನು ನಾಟಕಕ್ಕಿಂತ ಹೆಚ್ಚಾಗಿ ಜನರನ್ನೇ ನೋಡುತ್ತಿದ್ದೆ. ಪಂಚೆ ಉಟ್ಟವರು, ಹೆಗಲ ಮೇಲೆ ಕಂಬಳಿ ಹಾಕಿದವರು, ಮಡಿಲಲ್ಲಿ ಮಗು ಮಲಗಿಸಿಕೊಂಡ ತಾಯಂದಿರು. ನನ್ನ ಪಕ್ಕದಲ್ಲಿ ಕೂತಿದ್ದವರು ನಮ್ಮ ಶಾಖೆಗೆ ಬೆಳೆ ಸಾಲಕ್ಕೆ ಬರುತ್ತಿದ್ದ ರೈತರು, ಅಲ್ಲೇ ಹತ್ತಿರದ ಊರಿನವರು. ಬಿಡುವಿನಲ್ಲಿ ಕೇಳಿದೆ: "ಇಂಥದ್ದೆಲ್ಲ ಮಾಡಿದರೆ ನಷ್ಟ ಆಗುವುದಿಲ್ಲವೇ?"

"ಆಗದೆ ಏನು? ಅಡಿಕೆಗೆ ಕೊಳೆ ರೋಗ ಬಂದ ವರ್ಷವೂ ನಷ್ಟ ಆಗುತ್ತದೆ ಸ್ವಾಮಿ. ಹಾಗಂತ ತೋಟ ಕಡಿಯುತ್ತೇವಾ? ಮುಂದಿನ ವರ್ಷ ಮದ್ದು ಸ್ವಲ್ಪ ಮೊದಲೇ ಹೊಡೆಯುತ್ತೇವೆ" ಎಂದರು.

ಮಕ್ಕಳೇ, ಮಲೆನಾಡಿನಲ್ಲಿ ಮಳೆ ಜೋರಾದಾಗ ಅಡಿಕೆ ಕಾಯಿಗೆ ಕೊಳೆ ಹತ್ತುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಹೊಡೆಯುತ್ತಾರೆ. ಆ ರೈತರು ತೋಟದ ಮಾತು ಆಡಿದರು, ನನಗೆ ನಮ್ಮ ಜಗಲಿ ಕಣ್ಣ ಮುಂದೆ ಬಂತು. ನಾನು ಮದ್ದು ಹೊಡೆಯುವ ಬದಲು ತೋಟವನ್ನೇ ಕಡಿದಿದ್ದೆ.

ಊರಿಗೆ ಬಂದು ಸಭೆ ಕರೆದೆ. "ನಾನು ಹೇಳಿದ್ದು ತಪ್ಪು" ಎಂದು ಎದ್ದು ನಿಂತು ಹೇಳುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು. ಯಾರೂ ನಗಲಿಲ್ಲ. ಕೆಳಗಿನ ಕೇರಿಯ ದರ್ಜಿ, "ಕೀಲಿಕೈ ತಂದಿದ್ದೀಯಾ?" ಎಂದು ಮಾತ್ರ ಕೇಳಿದ.

1985ರಲ್ಲಿ ಮತ್ತೆ ಶುರು ಮಾಡಿದೆವು. ಹೆಗ್ಗೋಡಿನವರು 'ತಿರುಗಾಟ' ಎಂಬ ತಂಡ ಕಟ್ಟಿಕೊಂಡು ಊರೂರಿಗೆ ನಾಟಕ ಒಯ್ಯಲು ಹೊರಟದ್ದೂ ಅದೇ ವರ್ಷ. ನಾವು ಅಷ್ಟು ದೊಡ್ಡವರಲ್ಲ, ಮದ್ದು ಹೊಡೆಯುವುದನ್ನಷ್ಟೇ ಕಲಿತೆವು. ನಾಟಕದ ದಿನವನ್ನು ಮಳೆಯ ಭಯವಿಲ್ಲದ ತಿಂಗಳಿಗೆ ಹಿಂದೆ ತಂದೆವು. ಪರದೆಯ ಬಾಡಿಗೆ ನಿಲ್ಲಿಸಿ ಊರ ಹೆಂಗಸರು ಹೊಲಿದ ಹಳೆಯ ಸೀರೆಗಳ ಪರದೆ ಕಟ್ಟಿದೆವು. ಸದಸ್ಯರ ಚಂದಾ ವರ್ಷಕ್ಕೆ ಐದು ರೂಪಾಯಿ, ಆಗದವರಿಗೆ ಒಂದು ಸೇರು ಅಕ್ಕಿ. ಸಂಘವನ್ನು ನೋಂದಣಿಯೂ ಮಾಡಿಸಿದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಬಂದದ್ದು 1960ರಲ್ಲಿ. ಅದರ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ ಕಟ್ಟಬಹುದು. ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆದು ಸಭೆ ಮಾಡಬೇಕು, ಲೆಕ್ಕ ತಪಾಸಣೆ ಮಾಡಿಸಿ ಒಪ್ಪಿಸಬೇಕು. ಏಳೇ ಏಳು ಜನ! ನಿಮ್ಮ ಬೀದಿಯ ಕಬಡ್ಡಿ ತಂಡದಲ್ಲೂ ಅಷ್ಟು ಜನ ಇರುತ್ತಾರೆ.

ಸಾಲ ಮೂರು ವರ್ಷಕ್ಕೆ ತೀರಿತು. ಪ್ರತಿ ವರ್ಷ ಲೆಕ್ಕವನ್ನು ಮಕ್ಕಳಿಂದಲೇ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದೆವು. ಮೀಸೆಯ ಎರಡು ರೂಪಾಯಿ ಬಂದಾಗ ಎಲ್ಲರೂ ನಗುತ್ತಿದ್ದರು. ಆದರೆ ಗುಟ್ಟಿನ ಲೆಕ್ಕ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹಣದ ಜಗಳಕ್ಕೆ ಒಡೆದ ಸಂಘಗಳನ್ನು ನಾನು ಬ್ಯಾಂಕಿನ ಕಿಟಕಿಯಿಂದ ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಈ ಮಾತು ಒತ್ತಿ ಹೇಳುತ್ತಿದ್ದೇನೆ.

ಜಮಾ, ಖರ್ಚು ಎಂಬ ಎರಡು ಮನೆಗಳ ಪಕ್ಕ 1985ರಿಂದ ನಾನು ಮೂರನೆಯ ಮನೆಯೊಂದನ್ನು ಎಳೆದೆ. ಅದರಲ್ಲಿ ಆ ವರ್ಷ ಯಾರು ಯಾರಿಂದ ಏನು ಕಲಿತರು ಎಂದು ಬರೆಯುತ್ತಾ ಬಂದೆ. ಮದ್ದಳೆ ಕಲಿತವರು, ಬಣ್ಣ ಹಚ್ಚಲು ಕಲಿತವರು, ಮೊದಲ ಸಲ ರಂಗದ ಮೇಲೆ ನಿಂತು ಮಾತಾಡಿದ ಹುಡುಗಿಯರು. ಮಾತು ಹೇಳಿಕೊಡುತ್ತಿದ್ದ ಆ ಹುಡುಗ ಮತ್ತೆ ಪುಸ್ತಕ ಹಿಡಿದ. ಅವನ ಹೆಸರು ಆ ಮನೆಯಲ್ಲಿ ಒಂಬತ್ತು ವರ್ಷ ಇದೆ. ಭಾಗವತರ ಹತ್ತಿರ ಕಲಿಯುತ್ತಿದ್ದ ಇಬ್ಬರಲ್ಲಿ ಒಬ್ಬ ನೆನಪಾದಷ್ಟನ್ನು ಹಾಡಿದ. ಅವನಿಗೆ ನೆನಪಿದ್ದದ್ದು ನಾಲ್ಕೇ ಮಟ್ಟು. ಉಳಿದವು ಭಾಗವತರ ಜೊತೆಗೇ ಹೋದವು.

ಹೆಗ್ಗೋಡಿನ ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಫಿಲಿಪ್ಪೀನ್ಸ್ ದೇಶದಲ್ಲಿ ಕೊಡುವ, ಏಷ್ಯಾದ ದೊಡ್ಡ ಗೌರವ ಅದು. ಹಳ್ಳಿಯಲ್ಲಿ ಕೂತು ಮಾಡಿದ ಕೆಲಸ ಅಷ್ಟು ದೂರ ಕಂಡಿತು. ನಮ್ಮಂಥ ಸಣ್ಣ ಸಂಘಗಳಿಗೆ ಪ್ರಶಸ್ತಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಊರಿಗೆ ಗೊತ್ತಿರುವುದನ್ನು ಕಾಪಾಡಿ ಮುಂದಿನವರ ಕೈಗೆ ಕೊಡುವುದು, ಬೇರೆ ಸಮಯದಲ್ಲಿ ಜೊತೆಗೆ ಕೂರದವರನ್ನು ಒಂದೇ ಜಗಲಿಯ ಮೇಲೆ ಕೂರಿಸುವುದು, ಇಷ್ಟು ಮಾಡಿದರೆ ಸಂಘದ ಕೆಲಸ ಆದಂತೆ. ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದೆ. ನಾಟಕಕ್ಕೆ, ಯಕ್ಷಗಾನಕ್ಕೆ, ಜಾನಪದಕ್ಕೆ ಬೇರೆ ಬೇರೆ ಅಕಾಡೆಮಿಗಳೂ ಇವೆ. ಅವುಗಳ ನೆರವು ಕೇಳುವುದು ತಪ್ಪಲ್ಲ. ಆದರೆ ರಾತ್ರಿ ಎಂಟು ಗಂಟೆಗೆ ಜಗಲಿಗೆ ಬಂದು ಕೂರುವವರು ಊರಿನವರೇ ಆಗಬೇಕು.

ಈಗ ನಮ್ಮೂರ ಸಂಘದಲ್ಲಿ ತಲೆ ನರೆತವರೇ ಹೆಚ್ಚು. ಹುಡುಗರು ಬೆಂಗಳೂರು ಸೇರಿದ್ದಾರೆ. ಹೋದ ವರ್ಷ ನಾಟಕಕ್ಕೆ ಹೆಣ್ಣು ಪಾತ್ರಕ್ಕೂ ಗಂಡು ಪಾತ್ರಕ್ಕೂ ಜನ ಸಾಲದೆ ಎರಡು ದೃಶ್ಯ ಬಿಟ್ಟೆವು. "ಮತ್ತೆ ನಿಲ್ಲುತ್ತದಾ ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. "ಗೊತ್ತಿಲ್ಲ ಪುಟ್ಟಿ, ಕೀಲಿಕೈ ಮಾತ್ರ ನನ್ನ ಹತ್ತಿರ ಇಲ್ಲ" ಎಂದೆ. ಅದೀಗ ಶಾಲೆಯ ಗೋಡೆಯ ಮೊಳೆಗೆ ತೂಗುಹಾಕಿದೆ. ಯಾರು ಬೇಕಾದರೂ ತೆಗೆಯಬಹುದು.

ಅಜ್ಜ-ಅಜ್ಜಿಯರೇ, ನಿಮಗೆ ಗೊತ್ತಿರುವ ಒಂದು ಹಾಡನ್ನೋ, ಕೋಲಾಟದ ಒಂದು ಹೆಜ್ಜೆಯನ್ನೋ, ಸೋಬಾನೆಯನ್ನೋ ಈ ವಾರ ಮನೆಯ ಮಕ್ಕಳಿಗೆ ಹೇಳಿಕೊಡಿ. ಮುಂದಿನ ಮಳೆಗಾಲಕ್ಕೆ ಎಂದು ಮುಂದೂಡಬೇಡಿ. ಮಕ್ಕಳೇ, ಒಂದು ನೋಟ್ ಪುಸ್ತಕ ಇಡಿ. ಯಾರಿಂದ, ಯಾವತ್ತು, ಏನು ಕಲಿತಿರಿ ಎಂದು ತಾರೀಕು ಹಾಕಿ ಬರೆಯಿರಿ. ನಿಮ್ಮೂರಿನಲ್ಲಿ ಭಜನೆ, ಡೊಳ್ಳು, ನಾಟಕ, ಯಾವ ಸಂಘವಿದ್ದರೂ ಒಂದು ಸಂಜೆ ಹೋಗಿ ಕೂತು ಬನ್ನಿ. ಚಾಪೆ ಹಾಸುವ ಕೆಲಸವಾದರೂ ಸಿಕ್ಕೇ ಸಿಗುತ್ತದೆ.

ಮೊಮ್ಮಗಳು ಆ ಎರಡು ಖಾಲಿ ಪುಟಗಳಲ್ಲಿ ಚಿತ್ರ ಬಿಡಿಸಲಾ ಎಂದು ಕೇಳಿದಳು. ಬೇಡ ಎಂದೆ. ಅವು ಹಾಗೇ ಇರಲಿ. ಪುಸ್ತಕದ ಕೊನೆಯಲ್ಲಿ ಇನ್ನೂ ಹನ್ನೊಂದು ಪುಟ ಉಳಿದಿವೆ. ಈ ವರ್ಷದ ಪುಟದ ಮೂರನೆಯ ಮನೆಯಲ್ಲಿ ಅವಳ ಹೆಸರು ಬರೆಯಿಸಿದೆ. ಆ ನಾಲ್ಕು ಮಟ್ಟುಗಳಲ್ಲಿ ಒಂದನ್ನು ರಜೆ ಮುಗಿಯುವುದರೊಳಗೆ ಕಲಿತುಕೊಂಡು ಹೋದಳು.